ಶಾಲೆಯ ಮೊದಲ ಕಂಪ್ಯೂಟರ್ ಮತ್ತು ದಾಸ್ತಾನು ವಹಿಯ ಒಂದು ಸಾಲು

ಸುವರ್ಣ ಮಹೋತ್ಸವ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮ ಶಾಲೆಯ ಮೊದಲ ಕಂಪ್ಯೂಟರಿನ ಇತಿಹಾಸ ಬರೆದುಕೊಡಿ ಎಂದು ಕೇಳಿದರು. ನಾನು ಗಣಿತ, ವಿಜ್ಞಾನದ ಮೇಷ್ಟ್ರು. ಇತಿಹಾಸ ನನ್ನ ವಿಷಯವಲ್ಲ. ಆದರೂ ಒಪ್ಪಿಕೊಂಡೆ. ಆ ಕಂಪ್ಯೂಟರಿನ ಬಗ್ಗೆ ಶಾಲೆಯಲ್ಲಿ ಉಳಿದಿರುವ ಲಿಖಿತ ದಾಖಲೆ ಒಂದೇ ಒಂದು ಸಾಲು. ಅದು ದಾಸ್ತಾನು ವಹಿಯಲ್ಲಿದೆ, ನನ್ನ ಕೈಬರಹದಲ್ಲಿದೆ, ಮತ್ತು ಅದು ತಪ್ಪು.

ಸಾಲು ಹೀಗಿದೆ: "ಗಣಕಯಂತ್ರ 1. ವಿದ್ಯಾರ್ಥಿಯ ಅಜಾಗರೂಕ ಬಳಕೆಯಿಂದ ಕೆಟ್ಟಿರುತ್ತದೆ. ಜನವರಿ 2004."

ಕಂಪ್ಯೂಟರ್ ನಮ್ಮ ಶಾಲೆಗೆ ಇಲಾಖೆಯಿಂದ ಬಂದದ್ದಲ್ಲ, ಅಂಗಡಿಯಿಂದ ಸಿದ್ಧವಾಗಿ ಬಂದದ್ದೂ ಅಲ್ಲ. ಊರಿನವರು ಚಂದಾ ಎತ್ತಿದರು. ಕೊಬ್ಬರಿ ಮಾರಿದ ವಾರ ಒಬ್ಬರು ಕೊಟ್ಟರು, ಗಣೇಶೋತ್ಸವದಲ್ಲಿ ಉಳಿದ ಹಣವನ್ನು ಯುವಕರು ಕೊಟ್ಟರು, ಉಪಾಧ್ಯಾಯರೆಲ್ಲ ಸ್ವಲ್ಪ ಸ್ವಲ್ಪ ಹಾಕಿದೆವು. ಕಂಪನಿ ಕಂಪ್ಯೂಟರಿಗೆ ಆ ದುಡ್ಡು ಸಾಲದು. ಬಿಡಿಭಾಗ ತಂದು ನಾವೇ ಜೋಡಿಸಿದರೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿದವನು ನಾನು. 2002ರ ನವೆಂಬರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸೆಲೆರಾನ್ ಪ್ರೊಸೆಸರ್, 128 ಎಂಬಿ ಮೆಮೊರಿ, 40 ಜಿಬಿ ಹಾರ್ಡ್‌ಡಿಸ್ಕ್, ಮದರ್‌ಬೋರ್ಡು, 15 ಇಂಚಿನ ಮಾನಿಟರ್ ಎಲ್ಲ ಕೊಂಡೆ. ಮಾನಿಟರನ್ನು ತುಮಕೂರಿನ ತನಕ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು ನನ್ನ ಮಂಡಿಗಳಿಗೆ ಇನ್ನೂ ನೆನಪಿದೆ. ಮದರ್‌ಬೋರ್ಡಿನ ಕಂಪನಿಯ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಹಲವು ಕಂಪನಿಗಳ ಬೋರ್ಡಿಗೆ ಇದೇ ಗತಿಯಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಜೋಡಿಸಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಹಳೆಯ ಬೆಂಚಿನ ಮೇಲೆ. ಜೋಡಣೆಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಭಾನುವಾರ ಕೂತೆ. ಮೊದಲ ಸಲ ಬೀಪ್ ಎಂದು ಪರದೆ ಬೆಳಗಿದಾಗ ನನ್ನ ಹೆಂಡತಿ ಯಂತ್ರಕ್ಕೆ ಕುಂಕುಮ ಇಟ್ಟಳು. ಶಾಲೆಯ ಕೊಠಡಿಗೆ ವೈರಿಂಗ್ ಆಗುವ ತನಕ ಎರಡು ತಿಂಗಳು ಅದು ನಮ್ಮ ಮನೆಯಲ್ಲೇ ಇತ್ತು. ಆ ಎರಡು ತಿಂಗಳಲ್ಲಿ ಒಂದು ದಿನವೂ ತಕರಾರು ಮಾಡಲಿಲ್ಲ. 2003ರ ಗಣರಾಜ್ಯೋತ್ಸವದ ದಿನ ಧ್ವಜಾರೋಹಣ ಮುಗಿದ ಮೇಲೆ ಅದನ್ನು ಶಾಲೆಗೆ ಒಪ್ಪಿಸಿದೆವು.

ಅದರಲ್ಲಿ ನಮಗೆ ಮುಖ್ಯವಾಗಿ ಬೇಕಾಗಿದ್ದದ್ದು ಕನ್ನಡ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಆಗ ಹೊಸದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಒಮ್ಮೆ ಕೈಗೆ ಹತ್ತಿಸಿಕೊಂಡರೆ ಟೈಪ್‌ರೈಟರಿಗಿಂತ ಬೇಗ ಬರೆಯಬಹುದು ಎಂದು ನಮಗೆ ತೋರಿಸಿಕೊಟ್ಟವನು ಒಂಬತ್ತನೇ ತರಗತಿಯ ಒಬ್ಬ ಹುಡುಗ. ಅವನ ಹೆಸರು ಬರೆಯುವುದಿಲ್ಲ. ಅವನೇ ಬೇಡ ಎಂದಿದ್ದಾನೆ. ಶಾಲೆ ಆರಂಭವಾದ ವರ್ಷದಿಂದ ಇಲ್ಲಿ ಓದಿದ ಎಲ್ಲರ ಹೆಸರು, ತಂದೆಯ ಹೆಸರು, ಊರು ಇವನ್ನು ಪ್ರವೇಶ ದಾಖಲಾತಿ ವಹಿಯಿಂದ ಕಂಪ್ಯೂಟರಿಗೆ ಏರಿಸಬೇಕೆಂದು ಮುಖ್ಯೋಪಾಧ್ಯಾಯರು ಬಯಸಿದರು. ಹಳೆಯ ವಹಿಗಳಿಗೆ ಗೆದ್ದಲು ಹಿಡಿಯುತ್ತಿತ್ತು. ಆ ಕೆಲಸವನ್ನು ಹುಡುಗ ಹತ್ತನೇ ತರಗತಿಗೆ ಬಂದ ಮೇಲೆ ವಹಿಸಿಕೊಂಡ. ಬೆಳಿಗ್ಗೆ ಪ್ರಾರ್ಥನೆಗೆ ಒಂದು ಗಂಟೆ ಮೊದಲೇ ಬಂದು, ನನ್ನಿಂದ ಬೀಗದ ಕೈ ತೆಗೆದುಕೊಂಡು ಟೈಪ್ ಮಾಡುತ್ತಿದ್ದ.

ಕಾಟ ಶುರುವಾದದ್ದು 2003ರ ಕಾರ್ತಿಕದ ಹೊತ್ತಿಗೆ. ಕೆಲಸ ಮಾಡುತ್ತಿದ್ದ ಹಾಗೆಯೇ ಪರದೆ ನೀಲಿಯಾಗುವುದು, ಇಲ್ಲವೇ ಮೌಸ್ ಕಲ್ಲಿನಂತೆ ನಿಂತುಬಿಡುವುದು, ಇಲ್ಲವೇ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುವುದು. ಒಂದೊಂದು ದಿನ ಒಂದೊಂದು ರೀತಿ. ರೋಗ ಒಂದೇ ಲಕ್ಷಣ ತೋರಿಸಿದರೆ ಹಿಡಿಯಬಹುದು. ಇದು ಹಾಗಲ್ಲ.

ನಾನು ಅನುಮಾನಿಸದ ವಸ್ತುವಿಲ್ಲ. ಮೊದಲು ವೈರಸ್ ಎಂದೆ. ಹಾರ್ಡ್‌ಡಿಸ್ಕಿನ ಮೂಲೆಮೂಲೆ ಹುಡುಕಿಸಿದರೂ ಒಂದೂ ಸಿಗಲಿಲ್ಲ. ಆಮೇಲೆ ನುಡಿಯ ಫಾಂಟುಗಳ ಮೇಲೆ ಅನುಮಾನ ಬಂತು. ಅದನ್ನು ತೆಗೆದು ಎರಡು ದಿನ ಇಂಗ್ಲಿಷಿನಲ್ಲೇ ಕೆಲಸ ಮಾಡಿದೆವು, ಆಗಲೂ ನಿಂತಿತು. ವಿಂಡೋಸ್ 98ನ್ನು ಅಳಿಸಿ ಹೊಸದಾಗಿ ಹಾಕಿದೆ, ಹಾಕುತ್ತಿರುವಾಗಲೇ ಅರ್ಧಕ್ಕೆ ನಿಂತಿತು. ಅಲ್ಲಿಗೆ ಸಾಫ್ಟ್‌ವೇರಿನ ತಪ್ಪಲ್ಲ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಿತು ಕೂಡ. ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಕ್ರಿಸ್ ಬ್ರೇಡಿ ಎಂಬವರು 1990ರ ದಶಕದಲ್ಲಿ ಬರೆದ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಒಬ್ಬ ಹಳೆಯ ವಿದ್ಯಾರ್ಥಿ ಫ್ಲಾಪಿಯಲ್ಲಿ ಕೊಟ್ಟ. ವಿಂಡೋಸಿನ ಹಂಗಿಲ್ಲದೆ ಫ್ಲಾಪಿಯಿಂದಲೇ ಏಳುವ ಅದು ಮೆಮೊರಿಯ ಒಂದೊಂದು ಕೋಶಕ್ಕೂ ಬರೆದು, ಮತ್ತೆ ಓದಿ, ಹೊಂದಿಸಿ ನೋಡುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಓಡಿಸಿ ರಾತ್ರಿ ಒಂಬತ್ತರ ತನಕ ಕಾದೆ. ಒಂದು ತಪ್ಪೂ ಬರಲಿಲ್ಲ.

ಪವರ್ ಸಪ್ಲೈ ಪೆಟ್ಟಿಗೆಯನ್ನು ಪರಿಚಯದವರಿಂದ ಎರವಲು ತಂದು ಬದಲಿಸಿ ನೋಡಿದೆ. ಅರ್ಥಿಂಗ್ ಸರಿಯಿಲ್ಲವೆಂದು ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದೆ. ನಮ್ಮೂರಿನ ಕರೆಂಟಿನ ಬಗ್ಗೆ ಹೇಳುವುದೇ ಬೇಡ, ಆದರೆ ಯುಪಿಎಸ್ ಇದ್ದಾಗಲೂ ಯಂತ್ರ ನಿಲ್ಲುತ್ತಿತ್ತು.

ಕೊನೆಗೆ ಉಳಿದದ್ದು ಹುಡುಗ.

ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಬೇಗ ಹೋದಾಗ ಅವನು ಪವರ್ ಬಟನ್ನನ್ನು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ಮಾಡುತ್ತಿದ್ದ. ಐದಾರು ಸಲ ಒತ್ತಿದ ಮೇಲೆ ಯಂತ್ರ ಎದ್ದಿತು. ಇದೇನು ಹೀಗೆ ಎಂದು ಗದರಿದೆ. "ಚಳಿಗೆ ಏಳಲ್ಲ ಸಾರ್, ಬಿಸಿ ಆದ್ಮೇಲೆ ಏಳ್ತದೆ. ದಿನಾ ಹಿಂಗೇ" ಎಂದ. ನಾನು ನಕ್ಕೆ. ಕಂಪ್ಯೂಟರೇನು ಎಮ್ಮೆಯೇ, ಚಳಿಗೆ ಮಲಗುವುದಕ್ಕೆ? ಯಂತ್ರಕ್ಕೆ ಬಿಸಿಯೇ ಶತ್ರು, ತಂಪಿದ್ದಷ್ಟೂ ಒಳ್ಳೆಯದು ಎಂದು ನಾನು ಓದಿಕೊಂಡಿದ್ದೆ, ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ಅವನ ಮಾತು ಆ ಪಾಠಕ್ಕೆ ವಿರುದ್ಧವಾಗಿತ್ತು.

ಜನವರಿಯಲ್ಲಿ ಒಂದು ದಿನ ಯಂತ್ರ ನಡುವೆ ನಿಂತು, ಮತ್ತೆ ಎದ್ದಾಗ ಅವನು ಟೈಪ್ ಮಾಡಿದ್ದ ಕಡತ ತೆರೆಯಲೇ ಇಲ್ಲ. ತಿಂಗಳುಗಳ ಕೆಲಸ, ಎಂಟುನೂರು ಚಿಲ್ಲರೆ ಹೆಸರುಗಳು. ಫ್ಲಾಪಿಗೆ ನಕಲು ತೆಗೆದಿಡುವುದು ನನ್ನ ಜವಾಬ್ದಾರಿ, ನಾನು ತೆಗೆದಿರಲಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಊರಿನ ದುಡ್ಡು ಹಾಳಾಯಿತೆಂಬ ಮಾತು ಬಂತು. ಯಾರು ಮುಟ್ಟುತ್ತಿದ್ದವರು ಎಂದು ಕೇಳಿದರು. ನಾನು ಹುಡುಗನ ಹೆಸರು ಹೇಳಿದೆ. ಬಟನ್ ಒತ್ತಿ ಒತ್ತಿ ಕೆಡಿಸಿದ ಎಂದೆ. ಬೀಗದ ಕೈ ವಾಪಸು ತೆಗೆದುಕೊಂಡು, ವಹಿಯಲ್ಲಿ ಆ ಸಾಲು ಬರೆದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಕಳೆದುಹೋದದ್ದು ಅವನದೇ ದುಡಿಮೆ ಎಂಬುದು ಆ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ.

ಇನ್ನೂ ಕೆಟ್ಟದ್ದು ಮುಂದಿನದು. ಹುಡುಗ ಮಾರ್ಚಿಯಲ್ಲಿ ಎಸ್ಸೆಸ್ಸೆಲ್ಸಿ ಬರೆದು ಹೋದ. ಏಪ್ರಿಲಿನಲ್ಲಿ ಕಂಪ್ಯೂಟರ್ ಒಂದೇ ಸಲಕ್ಕೆ ಏಳತೊಡಗಿತು! "ನೋಡಿದಿರಾ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಜುಲೈನಲ್ಲಿ ಜಡಿಮಳೆ ಹಿಡಿದು ತಂಪಾದಾಗ ಮತ್ತೆ ಹಳೆಯ ಕಾಟ ಶುರುವಾಯಿತು. ಆಗಲಾದರೂ ನಾನು ಹವೆಯನ್ನೂ ಯಂತ್ರವನ್ನೂ ಜೋಡಿಸಿ ನೋಡಬೇಕಿತ್ತು. ನೋಡಲಿಲ್ಲ. ಮಳೆಗಾಲದ ಕರೆಂಟು ಎಂದುಕೊಂಡೆ.

2004ರ ದಸರಾ ರಜೆಯಲ್ಲಿ ಹೋಬಳಿ ಊರಿನ ರೇಡಿಯೋ ರಿಪೇರಿಯವರ ಬಳಿಗೆ ಯಂತ್ರವನ್ನು ಹೊತ್ತುಕೊಂಡು ಹೋದೆ. ಅವರು ಕಂಪ್ಯೂಟರ್ ಬಿಚ್ಚಿದವರಲ್ಲ, ವಾಲ್ವ್ ರೇಡಿಯೋ ಕಾಲದಿಂದ ಕೂತಿದ್ದವರು. ಮುಚ್ಚಳ ತೆಗೆದು ಬೀಡಿ ಪಕ್ಕಕ್ಕಿಟ್ಟು, ಪ್ರೊಸೆಸರಿನ ಸುತ್ತ ಸಾಲಾಗಿ ನಿಂತಿದ್ದ ಪುಟ್ಟ ಡಬ್ಬಿಗಳ ತಲೆಯ ಮೇಲೆ ಬೆರಳಾಡಿಸಿದರು. "ಮೇಷ್ಟ್ರೇ, ಇವುಗಳ ತಲೆ ಚಪ್ಪಟೆ ಇರಬೇಕು. ಇದು ನೋಡಿ, ಪೂರಿ ಥರ ಉಬ್ಬಿದೆ." ಆರು ಡಬ್ಬಿ ಉಬ್ಬಿದ್ದವು. ಎರಡರ ತಲೆಯಲ್ಲಿ ಕಂದು ಬಣ್ಣದ ಅಂಟು ಒಸರಿ ಒಣಗಿತ್ತು. ಹತ್ತು ತಿಂಗಳು ನಾನು ಆ ಮುಚ್ಚಳ ತೆಗೆದು ಹಾಕಿ ಮಾಡಿದ್ದೆ. ಅದನ್ನು ನೋಡಿಯೂ ನೋಡಿರಲಿಲ್ಲ.

ಅವು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಊರಿನವರಿಗೆ ತಿಳಿಯುವಂತೆ ಹೇಳಬೇಕೆಂದರೆ ಅವು ಮಿನಿ ಟ್ಯಾಂಕ್ ಇದ್ದ ಹಾಗೆ. ಬೋರ್‌ವೆಲ್ ನೀರು ಬಿಟ್ಟು ಬಿಟ್ಟು ಚಿಮ್ಮಿದರೂ ಟ್ಯಾಂಕ್ ಇದ್ದರೆ ನಲ್ಲಿಯಲ್ಲಿ ಸಮನಾಗಿ ಬರುತ್ತದೆ. ಪ್ರೊಸೆಸರಿಗೆ ಬೇಕಾದ್ದು ಒಂದೂವರೆ ಎರಡು ವೋಲ್ಟ್ ಮಾತ್ರ, ಆದರೆ ಮೂವತ್ತು ನಲವತ್ತು ಆಂಪಿಯರ್. ಮನೆಯ 100 ವಾಟಿನ ಬಲ್ಬು ಅರ್ಧ ಆಂಪಿಯರನ್ನೂ ಎಳೆಯುವುದಿಲ್ಲ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಹರಿವು ಎಂದು ತಿಳಿದೀತು. ಮದರ್‌ಬೋರ್ಡು ಈ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಬಿಟ್ಟು, ತಡೆದು, ತುಣುಕು ತುಣುಕಾಗಿ ಕೊಡುತ್ತದೆ. ಆ ತುಣುಕುಗಳನ್ನು ಸಮ ಮಾಡುವುದು ಈ ಡಬ್ಬಿಗಳ ಕೆಲಸ. ಒಳಗೆ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ, ಎಲ್ಲ ಸುರುಳಿ ಸುತ್ತಿರುತ್ತದೆ. ದ್ರಾವಣ ಕೆಟ್ಟರೆ ಒಳಗಿನ ತಡೆ ಹೆಚ್ಚುತ್ತದೆ. ಟ್ಯಾಂಕಿನಲ್ಲಿ ನೀರಿದ್ದರೂ ಕೊಳವೆ ಕಟ್ಟಿಕೊಂಡ ಹಾಗೆ. ಆಗ ಪ್ರೊಸೆಸರಿಗೆ ಹೋಗುವ ವಿದ್ಯುತ್ತು ಕ್ಷಣಕ್ಷಣಕ್ಕೂ ತೊದಲುತ್ತದೆ. ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ನೆಲೆಯಿಲ್ಲ. ಒಂದು ದಿನ ನೀಲಿ ಪರದೆ, ಒಂದು ದಿನ ಕಲ್ಲಾದ ಮೌಸ್ ಬಂದದ್ದು ಅದಕ್ಕೇ.

ಇನ್ನು ಚಳಿಯ ವಿಷಯ. ಕೆಟ್ಟ ದ್ರಾವಣದ ತಡೆ ತಂಪಿನಲ್ಲಿ ಇನ್ನಷ್ಟು ಏರುತ್ತದೆ, ಬಿಸಿಯಾದರೆ ಇಳಿಯುತ್ತದೆ. ಬಟನ್ ಒತ್ತಿ ಒತ್ತಿ ಡಬ್ಬಿಗಳು ಸ್ವಲ್ಪ ಬೆಚ್ಚಗಾದ ಮೇಲೆ ಯಂತ್ರ ಏಳುತ್ತಿತ್ತು. ಇಡೀ ದಿನ ಓಡಿದ ಯಂತ್ರದ ಮೇಲೆ ನಾನು ಸಂಜೆ ಮೆಮೊರಿ ಪರೀಕ್ಷೆ ಮಾಡಿದ್ದರಿಂದ ಅದು ತೇರ್ಗಡೆಯಾಯಿತು. ಬೇಸಿಗೆಯಲ್ಲಿ ಒಂದೇ ಸಲಕ್ಕೆ ಎದ್ದದ್ದು ಹುಡುಗ ಹೋದದ್ದರಿಂದಲ್ಲ, ನಮ್ಮ ಸೀಮೆಯ ಏಪ್ರಿಲ್ ಬಿಸಿಲಿನಿಂದ. ಹತ್ತನೇ ತರಗತಿಯ ಹುಡುಗ ಡಿಸೆಂಬರಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಹಾಗೆಂದು ನನ್ನ ಪಾಠವೂ ಪೂರ್ತಿ ಸುಳ್ಳಲ್ಲ. ಹತ್ತು ಡಿಗ್ರಿ ಶಾಖ ಏರಿದರೆ ಇಂಥ ಕೆಪಾಸಿಟರಿನ ಆಯುಸ್ಸು ಸುಮಾರಾಗಿ ಅರ್ಧವಾಗುತ್ತದೆ ಎಂಬ ಲೆಕ್ಕ ಎಂಜಿನಿಯರುಗಳಲ್ಲಿ ರೂಢಿಯಲ್ಲಿದೆ. ಅವುಗಳನ್ನು ಕೊಲ್ಲುವುದು ಬಿಸಿ, ಕೊಂದದ್ದನ್ನು ಬಯಲು ಮಾಡುವುದು ಚಳಿ.

ರಿಪೇರಿಯವರು ಆರನ್ನೂ ಕಿತ್ತು 105 ಡಿಗ್ರಿ ಗುರುತಿನ ಹೊಸದನ್ನು ಬೆಸೆದುಕೊಟ್ಟರು. ಪದರ ಪದರವಾಗಿರುವ ಬೋರ್ಡು ಕಾವನ್ನೆಲ್ಲ ಹೀರಿಕೊಳ್ಳುವುದರಿಂದ ಬೆಸುಗೆ ಕರಗಿಸಲು ಅವರು ಅರ್ಧ ದಿನ ಹೆಣಗಿದರು. ಹಳೆಯವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ನನ್ನ ಕೈಗಿತ್ತರು. ಯಂತ್ರ ಆಮೇಲೆ ಐದು ವರ್ಷ ಓಡಿತು.

ಇದು ನಮ್ಮೊಬ್ಬರ ಕರ್ಮವಲ್ಲ ಎಂದು ಗೊತ್ತಾದದ್ದು ನಿಧಾನವಾಗಿ. 1999ರ ಸುಮಾರಿನಿಂದ ಕೆಲವು ವರ್ಷ ತಯಾರಾದ ಲಕ್ಷಾಂತರ ಮದರ್‌ಬೋರ್ಡುಗಳಲ್ಲಿ ಇದೇ ರೋಗ ಪ್ರಪಂಚದ ಎಲ್ಲ ಕಡೆ ಕಾಣಿಸಿಕೊಂಡಿತು. ಅದಕ್ಕೆ ಕೆಪಾಸಿಟರ್ ಪ್ಲೇಗ್ ಎಂದೇ ಹೆಸರು ಬಿತ್ತು. ಕಡಿಮೆ ತಡೆಯ ಅಗ್ಗದ ಕೆಪಾಸಿಟರಿಗಾಗಿ ನೀರಿನಂಶ ಹೆಚ್ಚಿರುವ ದ್ರಾವಣ ಬಳಸುತ್ತಿದ್ದರು. ನೀರು ಅಲ್ಯೂಮಿನಿಯಮ್ಮನ್ನು ತಿಂದು ಹೈಡ್ರೋಜನ್ ಅನಿಲ ಹುಟ್ಟಿಸುತ್ತದೆ. ಅದನ್ನು ತಡೆಯುವ ರಾಸಾಯನಿಕಗಳು ಸರಿಯಾಗಿ ಬೆರೆತಿರಬೇಕು. ಬೆರೆಯದಿದ್ದರೆ ಅನಿಲ ತುಂಬಿ ತಲೆ ಉಬ್ಬುತ್ತದೆ. ಡಬ್ಬಿಯ ತಲೆಯ ಮೇಲೆ ಗೀರಿರುವುದೇ ಸಿಡಿಯುವ ಮೊದಲು ಅಲ್ಲಿ ಬಿರಿಯಲಿ ಎಂದು. ಜಪಾನಿನ ಕಂಪನಿಯೊಂದರಿಂದ ದ್ರಾವಣದ ಸೂತ್ರ ಅರ್ಧಂಬರ್ಧ ಕಳುವಾಗಿ ತೈವಾನಿಗೆ ಹೋಯಿತು ಎಂಬ ಕಥೆಯನ್ನು ಆ ಕಾಲದ ಉದ್ಯಮ ಪತ್ರಿಕೆಗಳು ಬರೆದವು. ಕಥೆ ರುಚಿಯಾಗಿದೆ, ಆದರೆ ರುಜುವಾತಾಗಿಲ್ಲ. ರುಜುವಾತಿಲ್ಲದ ಸಾಲು ಒಮ್ಮೆ ಬರೆದವನಾದ್ದರಿಂದ ಅದನ್ನು ನಾನು ಇನ್ನಷ್ಟು ಬೆಳೆಸುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ವರದಿ. ಡೆಲ್ ಕಂಪನಿ 2003ರ ಮೇ ತಿಂಗಳಿನಿಂದ 2005ರ ಜುಲೈವರೆಗೆ ಮಾರಿದ ಒಂದು ಕೋಟಿಗೂ ಹೆಚ್ಚು ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳಿಗೆ ಇದೇ ಬಗೆಯ ಕೆಪಾಸಿಟರಿನ ಅಪಾಯವಿತ್ತೆಂದು ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ಯಂತ್ರಗಳು ಕೆಡುತ್ತಿವೆ ಎಂದು ದೂರಿದಾಗ, ನೀವು ಕಷ್ಟದ ಲೆಕ್ಕ ಮಾಡಿಸಿ ಅವುಗಳನ್ನು ದಣಿಸಿದ್ದೀರಿ ಎಂಬ ಉತ್ತರ ಬಂದಿತ್ತಂತೆ. ಗಣಿತದವರಿಗೆ ಲೆಕ್ಕ ಮಾಡಿದ್ದೇ ತಪ್ಪು! ನನ್ನ ಹುಡುಗನಿಗೆ ಬಟನ್ ಒತ್ತಿದ್ದು ತಪ್ಪಾದ ಹಾಗೆ. ಅಷ್ಟು ದೊಡ್ಡ ಕಂಪನಿಗೂ ನಮ್ಮ ಹಳ್ಳಿಯ ಮೇಷ್ಟ್ರಿಗೂ ಹೊಳೆದದ್ದು ಒಂದೇ ದಾರಿ.

ಹೀಗೆ ಮಾಡದವರೂ ಇದ್ದರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನಲ್ಲಿ ಮಾರ್ಕ್ 2 ಎಂಬ ರಿಲೇ ಯಂತ್ರ ತಪ್ಪು ಮಾಡಿದಾಗ ಅದನ್ನು ನೋಡಿಕೊಳ್ಳುತ್ತಿದ್ದವರು ಒಂದೊಂದೇ ಭಾಗ ಶೋಧಿಸಿ, 70ನೇ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ಹೊರತೆಗೆದರು. ದಿನಚರಿ ಪುಸ್ತಕದಲ್ಲಿ ಸಮಯ ಬರೆದು ಅದರ ಪಕ್ಕ ಪತಂಗವನ್ನೇ ಟೇಪಿನಿಂದ ಅಂಟಿಸಿದರು. ಗ್ರೇಸ್ ಹಾಪರ್ ಎಂಬ ಗಣಿತಜ್ಞೆ ಈ ಕಥೆಯನ್ನು ಹೇಳಿ ಹೇಳಿ ಪ್ರಸಿದ್ಧಗೊಳಿಸಿದರು. ಯಂತ್ರದ ದೋಷಕ್ಕೆ 'ಬಗ್' ಎನ್ನುವುದು ಅಲ್ಲಿಂದ ಹುಟ್ಟಿತೆಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ, ಎಡಿಸನ್ ಅವರ 1878ರ ಪತ್ರದಲ್ಲೇ ಆ ಮಾತಿದೆ. ಆ ಪುಟ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅವರ ವಹಿಯಲ್ಲಿ ಸಾಕ್ಷ್ಯವಿದೆ, ನನ್ನ ವಹಿಯಲ್ಲಿ ತೀರ್ಪು ಮಾತ್ರ ಇತ್ತು.

ದಸರಾ ಕಳೆದ ಮೇಲೆ ನಾನು ಆ ಸಾಲನ್ನು ಹೊಡೆದುಹಾಕಬಹುದಿತ್ತು. ಯಂತ್ರ ಸರಿಹೋಯಿತಲ್ಲ, ಇನ್ನೇಕೆ ಎಂದು ಬಿಟ್ಟೆ. ಹುಡುಗನ ಊರು ಇಲ್ಲಿಂದ ನಾಲ್ಕು ಕಿಲೋಮೀಟರ್. ಸೈಕಲ್ಲಿನಲ್ಲಿ ಹೋಗಿ ಹೇಳಿ ಬರಬಹುದಿತ್ತು. ಹೋಗಲಿಲ್ಲ. ನಂತರ ವರ್ಗವಾಯಿತು, ನಿವೃತ್ತಿಯೂ ಆಯಿತು.

ಈ ಲೇಖನಕ್ಕೆಂದು ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಎಲ್ಲ ಹೇಳಿದೆ. ಕೆಪಾಸಿಟರ್, ಚಳಿ, ಏಪ್ರಿಲ್, ಎಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಸಾಲಿನ ತನಕ ಆಗಿತ್ತು ಸಾರ್" ಎಂದ. ನನಗೆ ತಿಳಿಯಲಿಲ್ಲ. "ಹೆಸರು ಸಾರ್. ಅಲ್ಲೀಗಂಟ ಹೊಡ್ದಿದ್ದೆ." ನಮ್ಮಪ್ಪನ ಹೆಸರು ಇನ್ನೆರಡು ಪುಟ ಆದ ಮೇಲೆ ಬರಬೇಕಿತ್ತು ಎಂದ. ಇಪ್ಪತ್ತು ವರ್ಷದ ಹಿಂದೆ ಎಲ್ಲಿ ನಿಂತಿತು ಎಂಬುದು ಅವನಿಗೆ ಪುಟದ ಸಮೇತ ನೆನಪಿತ್ತು.

ಈ ಸಂಚಿಕೆಯ ಕೊನೆಯಲ್ಲಿ ಅಚ್ಚಾಗಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡಿದವರು ಈಗಿನ ಒಂಬತ್ತನೇ ತರಗತಿಯ ಮಕ್ಕಳು. ಕರಡು ತಿದ್ದಲು ಅವನು ಮೂರು ಭಾನುವಾರ ಬಂದು ಕೂತ. ಗೆದ್ದಲು ತಿಂದ ಎಂಟು ಪುಟಗಳ ಹೆಸರು ಮಾತ್ರ ಯಾರಿಗೂ ಓದಲಾಗಲಿಲ್ಲ. 2004ರಲ್ಲಿ ಆ ಪುಟಗಳು ಚೆನ್ನಾಗಿದ್ದವು ಎಂದು ಅವನೇ ಹೇಳಿದ. ಆ ಹೆಸರುಗಳಿಗಾಗಿ ಬಿಟ್ಟಿರುವ ಖಾಲಿ ಜಾಗ ಪಟ್ಟಿಯಲ್ಲಿದೆ. ಆ ಸಾಲುಗಳಲ್ಲಿ ಓದಿದವರು ದಯವಿಟ್ಟು ಕಚೇರಿಗೆ ತಿಳಿಸಬೇಕು.

ಈಗಿನ ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ದಾಸ್ತಾನು ವಹಿಯ ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ತಿದ್ದುಪಡಿ ಬರೆದು ರುಜು ಹಾಕಿದ್ದೇನೆ. ಬೆಂಕಿಪೊಟ್ಟಣದಲ್ಲಿದ್ದ ಆರರಲ್ಲಿ ಒಂದು ಕೆಪಾಸಿಟರನ್ನು ಪಕ್ಕದಲ್ಲಿ ಟೇಪಿನಿಂದ ಅಂಟಿಸಿದ್ದೇನೆ. ಅದರಿಂದ ವಹಿ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಗುಮಾಸ್ತರು ಗೊಣಗಿದ್ದಾರೆ.